ಕೈಯ ಬೆಲೆ, ಮಷೀನಿನ ಕೂಲಿ

ಹೊಲಿಗೆ ತರಬೇತಿಯ ಸಮಾರೋಪ ಅಂದರೆ ಜಿಲ್ಲೆಯ ಬಿಡಿ ವರದಿಗಾರರಾದ ನಮಗೆ ಸುಲಭದ ಸುದ್ದಿ. ವೇದಿಕೆ ಮೇಲೆ ಏಳೆಂಟು ಜನ, ದೀಪ, ಪ್ರಮಾಣಪತ್ರ, ಹಿಂದಿನ ಪರದೆಗೆ ತೂಗುಹಾಕಿದ ನಾಲ್ಕು ಕೌದಿ. ಪತ್ರಿಕಾ ಪ್ರಕಟಣೆ ಅವರೇ ಕೊಡುತ್ತಾರೆ. 'ಸ್ವಾವಲಂಬನೆ' ಎಂಬ ಪದವೂ ಅದರಲ್ಲೇ ಇರುತ್ತದೆ. ನಾವು ತಲೆಬರಹ ಕೊಟ್ಟು ಕಳಿಸುತ್ತೇವೆ.

ಕಳೆದ ವರ್ಷ ಹೀಗೇ ಒಂದು ಸುದ್ದಿ ಕಳಿಸಿದೆವು. ಹೊದೆಯುವ ಕೌದಿಯಲ್ಲ, ಗೋಡೆಗೆ ಹಾಕುವ ಕೌದಿ. ನಡುವೆ ಕಸೂತಿಯ ಗೋಪುರ, ಸುತ್ತ ನವಿಲು. 'ಗ್ರಾಮೀಣ ಮಹಿಳೆಯರು ಕೈಯಿಂದ ಹೊಲಿದ ಸಾಂಪ್ರದಾಯಿಕ ಕಸೂತಿ' ಎಂದು ಪ್ರಕಟಣೆಯಲ್ಲಿತ್ತು, ನಾವೂ ಹಾಗೇ ಬರೆದೆವು. ಮೂರನೇ ದಿನ ಸಂತೆಯಲ್ಲಿ ಅದನ್ನು ಹೊಲಿದ ಹೆಣ್ಣುಮಗಳೇ ಸಿಕ್ಕರು. "ಕೈಲೆ ಹೊಲದದ್ದು ಅಂತ ಬರದೀರಲ್ರೀ ಅಣ್ಣಾರ, ಅದು ಮಷೀನ್‌ದು. ಅದ್ ಇರ್ಲಿ, ನಮಗ ಎಷ್ಟ್ ಕೊಟ್ರು ಅಂತ ಯಾಕ ಕೇಳ್ಲಿಲ್ಲ?"

ಆಗ ಕೇಳಿದೆವು. ಒಂದಕ್ಕೆ 220 ರೂಪಾಯಿ. ಮೂರು ದಿನದ ಕೆಲಸ. ದಾರ, ಸೂಜಿ, ಕರೆಂಟು ಆಕೆಯದೇ. ಮೇಳದ ಮಳಿಗೆಯಲ್ಲಿ ಅದೇ ಕೌದಿಗೆ ಕಟ್ಟಿದ್ದ ಬೆಲೆಚೀಟಿಯನ್ನು ನಾವೇ ನೋಡಿದ್ದೆವು: 2,800.

ಮಷೀನ್ ಬಂದು ಕಲೆ ಕೆಟ್ಟಿತು ಎಂದು ಮರುಗುವವರ ಜತೆ ನಾವಿಲ್ಲ. ಮಷೀನಿನಲ್ಲಿ ಗೋಡೆ ಕೌದಿ ಮಾಡುವುದು ಗುಂಡಿ ಒತ್ತಿ ಕೂರುವ ಕೆಲಸವಲ್ಲ. ಸಾದಾ ಮಷೀನಾದರೆ ಬಟ್ಟೆ ಎಳೆಯುವ ಹಲ್ಲುಗಳನ್ನು ಇಳಿಸಿ, ಬಟ್ಟೆಯನ್ನು ರಿಂಗಿಗೆ ಬಿಗಿದು, ಎರಡೂ ಕೈಯಲ್ಲಿ ಅದನ್ನು ಸೂಜಿಯ ಕೆಳಗೆ ಆಡಿಸಬೇಕು. ಕೈ ಅವಸರ ಮಾಡಿದರೆ ಹೊಲಿಗೆ ಉದ್ದ, ತಡ ಮಾಡಿದರೆ ದಾರ ಗಂಟು. ಕಂಪ್ಯೂಟರ್ ಮಷೀನಾದರೆ ಸೂಜಿ ತಾನೇ ಓಡುತ್ತದೆ, ನಿಜ. ನಿಮಿಷಕ್ಕೆ 600 ಹೊಲಿಗೆ ಎಂದರೂ 20,000 ಹೊಲಿಗೆಯ ಒಂದು ಚಿತ್ರಕ್ಕೆ 33 ನಿಮಿಷ. ಆದರೆ ಬಣ್ಣ ಬದಲಾದಾಗಲೆಲ್ಲ ಸಾಮಾನ್ಯ ಮಷೀನಿಗೆ ದಾರ ಬದಲಿಸಿ ಕೊಡಬೇಕು. ಬಟ್ಟೆಯ ಹಿಂದೆ ಸರಿಯಾದ ಕ್ಯಾನ್ವಾಸ್ ಇಲ್ಲದಿದ್ದರೆ ಚಿತ್ರ ಸುಕ್ಕು.

ಅದು ಮುಗಿದ ಮೇಲೆ ಕೌದಿಯ ಕೆಲಸ ಶುರು. ತುಂಡುಗಳನ್ನು ಕೂಡಿಸಿ, ಮೇಲಿನ ಬಟ್ಟೆ, ನಡುವಿನ ಪದರ, ಅಸ್ತರು ಮೂರೂ ಸರಿಯದಂತೆ ಕಚ್ಚಾ ಹೊಲಿಗೆ ಹಾಕಬೇಕು. ನಡುವಿನಿಂದ ಅಂಚಿನ ಕಡೆ ಹೊಲಿಯುತ್ತ ಬರಬೇಕು. ಅಂಚು ಕಟ್ಟಿ, ಹಿಂದೆ ಕೋಲು ತೂರಿಸಲು ಪಟ್ಟಿ ಹೊಲಿಯಬೇಕು. ಇದು ಕಸುಬು. ಇದಕ್ಕೆ ಮಷೀನ್ ಕೆಲಸ ಎಂದೇ ಹೆಸರು ಹೇಳಿ ತಕ್ಕ ಬೆಲೆ ಕೇಳಲು ನಾಚಿಕೆ ಯಾಕೆ?

ನಮ್ಮ ತಕರಾರು ಇಷ್ಟೇ: ಕೊಳ್ಳುವವರಿಂದ ಕೈಯ ಬೆಲೆ ವಸೂಲು ಮಾಡಿ, ಹೊಲಿದವರಿಗೆ ಮಷೀನಿನ ಕೂಲಿ ಕೊಡುತ್ತಾರೆ. "ಮಷೀನ್ ತಾನೆ, ಬೇಗ ಆಗ್ತದ" ಎಂಬ ಮಾತು ಕೂಲಿ ಕೊಡುವಾಗ ಮಾತ್ರ ನೆನಪಿಗೆ ಬರುತ್ತದೆ.

ಇದರಲ್ಲಿ ಎರಡು ಮನೆ ಹಾಳಾಗುತ್ತವೆ. ಎರಡನೆಯದು ನಿಜಕ್ಕೂ ಕೈಯಲ್ಲಿ ಕಸೂತಿ ಹಾಕುವವರದು. ಗಾವಂತಿ ಹೊಲಿಗೆಯಲ್ಲಿ ಬಟ್ಟೆಯ ಎಳೆ ಎಣಿಸುತ್ತ ಹೋಗಿ, ಬಿಟ್ಟ ಜಾಗ ತುಂಬುತ್ತ ಅದೇ ದಾರಿಯಲ್ಲಿ ವಾಪಸು ಬರಬೇಕು. ಗಂಟು ಹಾಕುವಂತಿಲ್ಲ, ಎರಡೂ ಬದಿ ಒಂದೇ ಥರ ಕಾಣಬೇಕು. ಆ ಕಸೂತಿಗೆ ಜಿಐ ಮಾನ್ಯತೆಯೂ ಇದೆ. ಮಷೀನಿನ ಹೊಲಿಗೆಯ ಬೆನ್ನಲ್ಲಿ ಬಾಬಿನ್ ದಾರ ಕಾಣುತ್ತದೆ. ಸೀರೆಯಾದರೆ ತಿರುವಿ ನೋಡಿ ಹಿಡಿಯಬಹುದು. ಗೋಡೆ ಕೌದಿಗೆ ಅಸ್ತರು ಹಾಕಿ ಮುಚ್ಚಿದ ಮೇಲೆ ಆ ಗುರುತೂ ಕಾಣುವುದಿಲ್ಲ. ಉಳಿಯುವ ಸಾಕ್ಷಿ ಚೀಟಿ ಒಂದೇ. ಅದರಲ್ಲೇ ಸುಳ್ಳು ಬರೆದರೆ?

ಕೌದಿ ಗೋಡೆ ಏರಿದ್ದೂ ತಪ್ಪಲ್ಲ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಣ್ಣುಮಕ್ಕಳು ಹಳೇ ಬಟ್ಟೆಯಲ್ಲಿ ಕೈಯಿಂದ ಹೊಲಿದ ಕೌದಿಗಳು 2011ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿರುವ ಷಾಂಬರ್ಗ್ ಕೇಂದ್ರದಲ್ಲಿ ಪ್ರದರ್ಶನಗೊಂಡವು, ಮೂಲೆಗೆ ಹಚ್ಚುವ 'ಫೂಲ'ದ ಸಮೇತ. ಅಲ್ಲಿ ಕೈಯಿಂದ ಮಾಡಿದ್ದನ್ನೇ ಕೈಯಿಂದ ಮಾಡಿದ್ದು ಎಂದರು.

ಸರ್ಕಾರಕ್ಕೂ ನಮಗೂ ಮಷೀನ್ ಹಂಚಿದ್ದು ಮಾತ್ರ ಸುದ್ದಿ. 2023ರಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಇದೆ, ಸಲಕರಣೆಗೆ 15,000 ರೂಪಾಯಿವರೆಗೆ ನೆರವಿದೆ. ಒಳ್ಳೆಯದೇ. ಆದರೆ ಮನೆಗೆ ಬಂದ ಮಷೀನಿಗೆ ಕೆಲಸ ಯಾವ ದರಕ್ಕೆ ಬಂತು? ಮನೆಯಲ್ಲೇ ಕೂತು ತುಂಡು ಲೆಕ್ಕದಲ್ಲಿ ದುಡಿಯುವವರಿಗೂ ಉಳಿದ ಕಾರ್ಮಿಕರಂತೆ ನ್ಯಾಯ ಸಿಗಬೇಕು ಎನ್ನುವ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 177ನೇ ಒಡಂಬಡಿಕೆ 1996ರಷ್ಟು ಹಳೆಯದು. ಭಾರತ ಅದನ್ನು ಒಪ್ಪಿ ಸಹಿ ಹಾಕಿಲ್ಲ.

ತುಂಡು ಲೆಕ್ಕ ಅಂದರೇನು ಎಂದು ನಮಗೆ ಬೇರೆಯವರು ಹೇಳಿಕೊಡಬೇಕಿಲ್ಲ. ನಾವೂ ಸುದ್ದಿಗೆ ಇಷ್ಟು, ಫೋಟೋಗೆ ಇಷ್ಟು ಎಂದು ಎಣಿಸಿ ಪಡೆಯುವವರೇ. ಆಕೆಗೆ ದಾರ ಸ್ವಂತದ್ದು, ನಮಗೆ ಪೆಟ್ರೋಲು ಸ್ವಂತದ್ದು. ನಮ್ಮ ದರದ ಬಗ್ಗೆ ಚಹಾ ಅಂಗಡಿಯಲ್ಲಿ ಗಂಟೆಗಟ್ಟಲೆ ಒದರುವ ನಾವು, ವೇದಿಕೆಯ ಬದಿಯಲ್ಲಿ ನಿಂತಿದ್ದ ಆಕೆಯ ದರವನ್ನು ಕೇಳಲೇ ಇಲ್ಲ. ಪ್ರಕಟಣೆಯ ಸುಳ್ಳಿಗೆ ನಮ್ಮ ಹೆಸರು ಹಾಕಿ ಅಚ್ಚು ಮಾಡಿಸಿದೆವು. ತಿದ್ದುಪಡಿಯನ್ನೂ ಕಳಿಸಲಿಲ್ಲ. ಕಳಿಸಿದ್ದರೆ ಮುಂದಿನ ಸಮಾರಂಭಕ್ಕೆ ಕರೆಯುತ್ತಿರಲಿಲ್ಲ, ಜಾಹೀರಾತೂ ಹೋಗುತ್ತಿತ್ತು ಎಂಬ ಲೆಕ್ಕ ನಮಗೂ ಇತ್ತು.

ಆದ್ದರಿಂದ ಈ ಬಳಗದ ಗೆಳೆಯರಲ್ಲಿ ಒಂದು ಕೋರಿಕೆ. ಇನ್ನು ಹೊಲಿಗೆಯ ಸುದ್ದಿ ಬರೆಯುವಾಗ ನಾಲ್ಕು ಪ್ರಶ್ನೆ ಕೇಳೋಣ. ಕೈಯೋ ಮಷೀನೋ? ಎಷ್ಟು ತಾಸಿನ ಕೆಲಸ? ಹೊಲಿದವರಿಗೆ ಎಷ್ಟು ಕೊಟ್ಟಿರಿ? ಮಳಿಗೆಯಲ್ಲಿ ಎಷ್ಟಕ್ಕೆ ಮಾರುತ್ತೀರಿ? ಉತ್ತರ ಕೊಟ್ಟರೆ ಬರೆಯೋಣ, ಕೊಡದಿದ್ದರೆ ಕೊಡಲಿಲ್ಲ ಎಂದು ಬರೆಯೋಣ. ಡೆಸ್ಕಿನವರು ಕತ್ತರಿಸಿದರೆ ಇಲ್ಲಿ ಹಾಕೋಣ.

ಆ ಹೆಣ್ಣುಮಗಳ ಸುದ್ದಿಯನ್ನು ಸರಿಪಡಿಸಿ ಮೊನ್ನೆ ಮತ್ತೆ ಕಳಿಸಿದ್ದೇವೆ, ಒಂದು ವರ್ಷ ತಡವಾಗಿ. ಇನ್ನೂ ಅಚ್ಚಾಗಿಲ್ಲ.