ಬಿಸಿಲ ಗಾಯಕ್ಕೆ ರಿಪೇರಿ ತಂಡ

ಏಪ್ರಿಲ್ ತಿಂಗಳ ನಡುಹಗಲು ಬ್ಯಾಡರಹಳ್ಳಿಯ ಬಯಲಲ್ಲಿ ಕ್ರಿಕೆಟ್ ಆಡುವ ಮಕ್ಕಳಿಗೆ ಬಿಸಿಲು ಸುಡುವುದಷ್ಟೇ ಗೊತ್ತು. ಅದರೊಂದಿಗೆ ಬರುವ, ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳು ಚರ್ಮದ ಜೀವಕೋಶಗಳ ಡಿ.ಎನ್.ಎ.ಯನ್ನೇ ಗಾಯಗೊಳಿಸುತ್ತಿರುತ್ತವೆ. ಆದರೂ ಮಕ್ಕಳು ಆರೋಗ್ಯವಾಗಿಯೇ ಇರುತ್ತಾರಲ್ಲ, ಹೇಗೆ?

ಡಿ.ಎನ್.ಎ. ತಿರುಚಿದ ನೂಲೇಣಿಯಂತಹ ಅಣು. ಅದರ ಒಂದೇ ಎಳೆಯಲ್ಲಿ ಅಕ್ಕಪಕ್ಕ ಇರುವ ಎರಡು ಥೈಮಿನ್‌ಗಳು ಈ ಕಿರಣ ತಾಗಿದಾಗ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಅಲ್ಲಿ ಏಣಿ ಸೊಟ್ಟಗಾಗುತ್ತದೆ. ಕೋಶ ಎರಡಾಗುವಾಗ ಆ ಜಾಗದ ನಕಲು ತಪ್ಪಬಹುದು. ಇಂತಹ ತಪ್ಪುಗಳು ಕೂಡುತ್ತಾ ಹೋದರೆ ಕ್ಯಾನ್ಸರ್‌ಗೆ ದಾರಿಯಾಗುತ್ತದೆ.

ಇದನ್ನು ತಡೆಯುವುದು ಪ್ರೋಟೀನುಗಳ ಒಂದು ತಂಡ. ಡಿಡಿಬಿ2 ಎಂಬ ಪ್ರೋಟೀನು ಬೆಸುಗೆಯನ್ನು ಪತ್ತೆ ಹಚ್ಚಿ ಎಕ್ಸ್‌ಪಿಸಿಗೆ ಜಾಗ ತೋರಿಸುತ್ತದೆ. ಎಕ್ಸ್‌ಪಿಸಿ ತಾನು ಟಿಎಫ್‌ಐಐಎಚ್ ಎಂಬ ಪ್ರೋಟೀನು ಗುಂಪನ್ನು ಕರೆತರುತ್ತದೆ. ಈ ಗುಂಪು ಎಳೆಗಳನ್ನು ಬಿಡಿಸುತ್ತದೆ. ಗಾಯ ನಿಜವೆಂದು ಖಚಿತಪಡಿಸಲು ಎಕ್ಸ್‌ಪಿಎ ನೆರವಾಗುತ್ತದೆ. ಆಮೇಲೆ ಎಕ್ಸ್‌ಪಿಎಫ್, ಎಕ್ಸ್‌ಪಿಜಿ ಎಂಬ ಕತ್ತರಿಗಳು ಗಾಯದ ಎರಡೂ ಬದಿ ಕತ್ತರಿಸಿ, ಸುಮಾರು 30 ಅಕ್ಷರಗಳ ತುಂಡನ್ನು ತೆಗೆದುಹಾಕುತ್ತವೆ. ಎದುರಿನ ಎಳೆಯನ್ನು ನೋಡಿಕೊಂಡು ಪಾಲಿಮರೇಸ್ ಖಾಲಿ ಜಾಗ ತುಂಬುತ್ತದೆ. ಲೈಗೇಸ್ ಹೊಲಿಗೆ ಹಾಕುತ್ತದೆ. ಈ ರಿಪೇರಿಯ ಬಗೆಯನ್ನು ವಿವರಿಸಿದ ಅಜೀಜ್ ಸಂಜಾರ್ 2015ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಯನ್ನು ಇನ್ನಿಬ್ಬರೊಂದಿಗೆ ಹಂಚಿಕೊಂಡರು.

ರಿಪೇರಿ ಮುಗಿಯುವವರೆಗೆ ಕೋಶ ಎರಡಾಗದಂತೆ ತಡೆಹಿಡಿಯುವುದು ಪಿ53 ಪ್ರೋಟೀನು. ಗಾಯ ಮಿತಿಮೀರಿದ್ದರೆ ಕೋಶ ತಾನೇ ಸಾಯುವಂತೆ ಮಾಡುವುದೂ ಅದೇ.

ಇಲ್ಲಿ ಯಾವ ಪ್ರೋಟೀನೂ ಒಂಟಿಯಾಗಿ ಗೆಲ್ಲದು. ಸರಪಳಿಯ ಒಂದು ಕೊಂಡಿ ಕಳಚಿದರೂ ಕೆಲಸ ಕೆಡುತ್ತದೆ. 'ಎಕ್ಸ್‌ಪಿ' ಎಂಬ ಹೆಸರು ಬಂದದ್ದೇ ಜೀರೋಡರ್ಮಾ ಪಿಗ್ಮೆಂಟೋಸಮ್ ಎಂಬ ಅಪರೂಪದ ಕಾಯಿಲೆಯಿಂದ. ಈ ರೋಗಿಗಳ ಕೋಶಗಳಲ್ಲಿ ರಿಪೇರಿ ನಡೆಯುತ್ತಿಲ್ಲವೆಂದು ಅಮೆರಿಕದ ಜೇಮ್ಸ್ ಕ್ಲೀವರ್ 1968ರಲ್ಲಿ ತೋರಿಸಿದರು. ಇಂತಹ ಮಕ್ಕಳಿಗೆ ಎಳೆಯ ವಯಸ್ಸಿನಲ್ಲೇ ಚರ್ಮದ ಕ್ಯಾನ್ಸರ್ ಬರಬಹುದು.

ತಂದೆತಾಯಿ ಇಬ್ಬರಲ್ಲೂ ಒಂದೇ ಜೀನಿನ ದೋಷ ಅಡಗಿದ್ದರೆ, ಪ್ರತಿ ಮಗುವಿಗೂ ಈ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾದಾಗ ಹಾಗೆ ಒಂದೇ ದೋಷ ಎರಡೂ ಕಡೆ ಇರುವ ಸಂಭವ ಹೆಚ್ಚು. 1980ರ ದಶಕದಲ್ಲಿ ಕರ್ನಾಟಕದಲ್ಲಿ ನವಜಾತ ಶಿಶುಗಳ ತಪಾಸಣೆ ನಡೆದಾಗ, ಸುಮಾರು ಮೂರರಲ್ಲೊಂದು ದಂಪತಿ ರಕ್ತಸಂಬಂಧಿಗಳೆಂದು ಕಂಡುಬಂದಿತ್ತು.

ಸ್ವಲ್ಪ ಬಿಸಿಲಿಗೇ ಮಗುವಿನ ಚರ್ಮ ಬೊಬ್ಬೆಯೇಳುವುದು, ಎರಡು ವರ್ಷ ತುಂಬುವ ಮೊದಲೇ ಮುಖದ ತುಂಬ ಕಪ್ಪು ಚುಕ್ಕೆ ಮೂಡುವುದು ಇದರ ಲಕ್ಷಣಗಳು. ಅವನ್ನು 'ದೃಷ್ಟಿ ತಾಗಿದೆ' ಎಂದು ತಳ್ಳಿಹಾಕದೆ ಚರ್ಮತಜ್ಞರಿಗೆ ತೋರಿಸಬೇಕು. ಕಾಯಿಲೆಯನ್ನು ಪೂರ್ತಿ ಗುಣಪಡಿಸುವ ಮದ್ದಿಲ್ಲ. ಆದರೆ ಬೇಗ ಗೊತ್ತಾದರೆ, ಬಿಸಿಲಿನಿಂದ ಕಾಪಾಡಿ ಮಗುವಿನ ಆಯುಸ್ಸನ್ನು ಹೆಚ್ಚಿಸಬಹುದು.