ಎಂಜಿನ್ ಕೆಲಸದಲ್ಲಿ ಅವಸರ ಸಲ್ಲದು

ಮೇ ತಿಂಗಳ ರಜೆ ಹತ್ತಿರ ಬಂದಂತೆ ಮುಂಬಯಿಯ ತುಳು-ಕನ್ನಡಿಗರಿಗೆ ಊರಿನ ಸೆಳೆತ. ಮದುವೆ, ಬ್ರಹ್ಮಕಲಶ, ನೇಮ ಎಂದು ಕಾರಿನಲ್ಲೇ ಹೊರಡುವವರು ಅನೇಕ. ಹೊಗೆ ಉಗುಳುವ ಹಳೆಯ ಕಾರಿನ ಎಂಜಿನ್ ಬಿಚ್ಚಿಸಿ, ಬೋರಿಂಗ್ ಮಾಡಿಸಿ, ಹೊಸ ಪಿಸ್ಟನ್, ರಿಂಗ್, ಬೇರಿಂಗ್ ಹಾಕಿಸುವವರೂ ಇದ್ದಾರೆ. ಆದರೆ ಗ್ಯಾರೇಜಿನಲ್ಲಿ ಮಾಲಕರು ಕೇಳುವ ಮೊದಲ ಪ್ರಶ್ನೆ 'ಯಾವಾಗ ಕೊಡುತ್ತೀರಿ?' ಎಂಬುದೇ. 'ಹೇಗೆ ಜೋಡಿಸುತ್ತೀರಿ?' ಎಂದು ಕೇಳುವವರು ವಿರಳ. ಹಣ ಪೋಲಾಗುವುದು ಇಲ್ಲಿಯೇ.

ಓಡುವ ಎಂಜಿನ್ನಿನಲ್ಲಿ ಕ್ರ್ಯಾಂಕ್‌ಶಾಫ್ಟ್ ತಿರುಗುವುದು ಬೇರಿಂಗಿನ ಮೇಲಲ್ಲ, ನಡುವಿನ ತೆಳುವಾದ ಎಣ್ಣೆಯ ಪದರದ ಮೇಲೆ. ಹೊಸದಾಗಿ ಜೋಡಿಸಿದ ಎಂಜಿನ್ನಿನ ಎಣ್ಣೆ ದಾರಿಗಳು ಖಾಲಿ. ಪಂಪು ಎಣ್ಣೆ ತಲುಪಿಸುವವರೆಗೆ, ಜೋಡಿಸುವಾಗ ಮಿಸ್ತ್ರಿ ಕೈಯಿಂದ ಹಚ್ಚಿದ ಎಣ್ಣೆಯೇ ಅದಕ್ಕೆ ಆಧಾರ.

ಮೊದಲ ಕೆಲಸ ಸ್ವಚ್ಛತೆ. ಬೋರಿಂಗ್, ಹೋನಿಂಗ್ ಆದ ಸಿಲಿಂಡರನ್ನು ಬಿಸಿ ಸಾಬೂನು ನೀರಿನಲ್ಲಿ ಉಜ್ಜಿ ತೊಳೆದು, ಒಣಗಿಸಿ, ತಕ್ಷಣ ಎಣ್ಣೆ ಸವರಬೇಕು. ಬಿಳಿ ಬಟ್ಟೆಯಿಂದ ಒರೆಸಿದರೆ ಕಪ್ಪು ಹತ್ತಬಾರದು. ಬ್ಲಾಕಿನ ಎಣ್ಣೆ ದಾರಿಗಳಿಗೂ ಬ್ರಶ್ ಹಾಕಬೇಕು.

ಬೇರಿಂಗ್ ಚಿಪ್ಪಿನ ಹಿಂಬದಿ ಒಣಗಿರಬೇಕು, ಎಣ್ಣೆ ಬೇಕಾದದ್ದು ಶಾಫ್ಟ್ ತಿರುಗುವ ಬದಿಗೆ ಮಾತ್ರ. ಒಂದೊಂದು ಕ್ಯಾಪ್ ಬಿಗಿದ ಬಳಿಕವೂ ಶಾಫ್ಟನ್ನು ಕೈಯಿಂದ ತಿರುಗಿಸಿ ನೋಡಬೇಕು. ಬೋಲ್ಟುಗಳನ್ನು ಅಂದಾಜಿನಲ್ಲಿ ಬಿಗಿಯದೆ, ಕಂಪೆನಿಯ ಪುಸ್ತಕ ಹೇಳಿದಂತೆ ಟಾರ್ಕ್ ಸ್ಪ್ಯಾನರ್ ಬಳಸಬೇಕು. 'ಎಂಜಿನ್ ಆಯಿಲ್ ಹಚ್ಚಿದರೆ ಸಾಕು, ಪೇಸ್ಟ್ ಯಾಕೆ?' ಎನ್ನುವ ಮಿಸ್ತ್ರಿಗಳಿದ್ದಾರೆ. ಆ ದಿನವೇ ಚಾಲೂ ಮಾಡುವುದಾದರೆ ಅವರ ಮಾತು ಹೆಚ್ಚುಕಡಿಮೆ ಸರಿ. ಬಿಡಿಭಾಗಕ್ಕಾಗಿ ಎಂಜಿನ್ ವಾರಗಟ್ಟಲೆ ಬಿದ್ದುಕೊಂಡರೆ ಎಣ್ಣೆ ಜಾರಿಹೋಗುತ್ತದೆ, ಅಸೆಂಬ್ಲಿ ಪೇಸ್ಟ್ ಅಂಟಿಕೊಂಡಿರುತ್ತದೆ.

ಮೊದಲ ಸ್ಟಾರ್ಟ್ ಇನ್ನೂ ಮುಖ್ಯ. ಪೆಟ್ರೋಲ್ ಕಾರಾದರೆ ಸ್ಪಾರ್ಕ್ ಪ್ಲಗ್ ಕಳಚಿ, ಇಗ್ನಿಶನ್ ಮತ್ತು ಪೆಟ್ರೋಲ್ ಬಂದ್ ಮಾಡಿ, ಎಣ್ಣೆಯ ಒತ್ತಡ ಬರುವವರೆಗೆ ಸ್ಟಾರ್ಟರಿನಿಂದ ಸ್ವಲ್ಪ ಸ್ವಲ್ಪವೇ ತಿರುಗಿಸಬೇಕು. ಆಯಿಲ್ ದೀಪ ಆರದೆ ಪ್ಲಗ್ ಹಾಕುವುದೆಂದರೆ ನಗದು ತಾಳೆಯಾಗದೆ ಕೌಂಟರ್ ಮುಚ್ಚಿದಂತೆ.

ಚೆನ್ನಾಗಿ ಜೋಡಿಸಿದ ಎಂಜಿನ್ ಏನು ಮಾಡಬಲ್ಲದೆಂಬುದಕ್ಕೆ ಮುಂಬಯಿಯ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಯೇ ಸಾಕ್ಷಿ. 1089 ಸಿಸಿಯ ಆ ಸರಳ ಎಂಜಿನ್ನನ್ನು ರಸ್ತೆ ಬದಿಯ ಮಿಸ್ತ್ರಿಗಳೂ ಬಿಚ್ಚಿ ಜೋಡಿಸುತ್ತಿದ್ದರು. 2003ರಲ್ಲಿ ನೋಂದಣಿಯಾದ ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರಿನಲ್ಲಿ ರಸ್ತೆಯಿಂದ ಇಳಿದದ್ದು 20 ವರ್ಷಗಳ ವಯೋಮಿತಿ ಮುಗಿದುದರಿಂದ.

ಮಿಸ್ತ್ರಿಯನ್ನು ದೂರುವ ಮೊದಲು ಮಾಲಕರು ತಮ್ಮ ಅವಸರವನ್ನೂ ನೋಡಿಕೊಳ್ಳಬೇಕು. ನಾಳೆಯೇ ಬೇಕೆಂದು ಒತ್ತಾಯಿಸಿದರೆ ತೊಳೆಯುವ ಕೆಲಸಕ್ಕೇ ಮೊದಲು ಕತ್ತರಿ. ಹೊಸ ಎಂಜಿನ್ನನ್ನು ನೇರವಾಗಿ ಮಂಗಳೂರಿನ ದಾರಿಗೆ ಹಾಕಿ ಕಶೇಡಿ ಘಾಟಿ ಹತ್ತಿಸುವುದೂ ತರವಲ್ಲ. ಸುಮಾರು 500 ಕಿ.ಮೀ. ಊರೊಳಗೆ ಹದವಾಗಿ ಓಡಿಸಿ, ಎಣ್ಣೆ ಮತ್ತು ಫಿಲ್ಟರ್ ಬದಲಿಸಿ ಹೊರಡುವುದು ಲೇಸು. ಅದಕ್ಕೆ ಮೇ ತಿಂಗಳ ಪ್ರಯಾಣಕ್ಕೆ ಮಾರ್ಚಿನಲ್ಲೇ ಗ್ಯಾರೇಜಿಗೆ ಹೋಗಬೇಕು. ನಮ್ಮ ಸಂಘ-ಸಂಸ್ಥೆಗಳು ಒಂದು ಭಾನುವಾರ ಅನುಭವಿ ಮಿಸ್ತ್ರಿಯೊಬ್ಬರನ್ನು ಕರೆಸಿ ಸದಸ್ಯರಿಗೆ ಇದನ್ನೆಲ್ಲ ತೋರಿಸಿಕೊಟ್ಟರೆ, ಕುಟುಂಬ ಸಮೇತ ಘಾಟಿಯಲ್ಲಿ ನಿಂತು ಟೋಯಿಂಗ್ ಗಾಡಿ ಕಾಯುವ ಪಾಡು ಕೆಲವರಿಗಾದರೂ ತಪ್ಪೀತು.