ಹೈಡ್ರಾಲಿಕ್ ಸೋತರೆ ಪಂಪಿಗೇ ಏಕೆ ಬೈಗುಳ?

ಹಳೇ ಟ್ರ್ಯಾಕ್ಟರ್ ಇಟ್ಟುಕೊಂಡವರಿಗೆಲ್ಲ ಈ ಮಾತು ಬಾಯಿಪಾಠವಾಗಿರುತ್ತೆ: "ಪಂಪ್ ಹೋಗಿದೆ ಅಣ್ಣಾ, ಬಿಚ್ಚಬೇಕು." ಲಿಫ್ಟ್ ಒಂಚೂರು ನಿಧಾನವಾದರೆ ಸಾಕು, ತೀರ್ಪು ಬಂದೇಬಿಡುತ್ತೆ. ಇನ್ನೂ ಡಿಪ್ ಸ್ಟಿಕ್ ಎಳೆದು ಆಯಿಲ್ ಎಷ್ಟಿದೆ ಅಂತ ನೋಡಿರುವುದಿಲ್ಲ, ಆಗಲೇ ಸ್ಪ್ಯಾನರ್ ಕೈಗೆ ಬಂದಿರುತ್ತೆ!

ಮುಂಗಾರಿನ ಮೊದಲ ಮಳೆ ಬಿದ್ದು ಹೊಲ ಹದಕ್ಕೆ ಬಂದಾಗಲೇ ಹೀಗಾಗೋದು. ಹದ ನಮಗಾಗಿ ಕಾಯುವುದಿಲ್ಲ. ಟ್ರ್ಯಾಕ್ಟರ್ ಶೆಡ್ಡಿನಲ್ಲಿ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದರೆ, ನಾವು ಪಕ್ಕದವರ ಟ್ರ್ಯಾಕ್ಟರಿಗೆ ಗಂಟೆ ಲೆಕ್ಕದಲ್ಲಿ ಬಾಡಿಗೆ ಕೊಟ್ಟು ಸರದಿಗೆ ಕಾಯಬೇಕು. ಆದ್ದರಿಂದ ನನ್ನ ವಾದ ಇಷ್ಟೇ: ಬಿಚ್ಚೋದು ಕಡೆಯ ಕೆಲಸ. ಅದಕ್ಕೆ ಮುಂಚೆ ನೋಡಬೇಕಾದ್ದನ್ನು ನೋಡೋದು ಮೆಕ್ಯಾನಿಕ್‌ಗಿಂತ ಮೊದಲು ಟ್ರ್ಯಾಕ್ಟರ್ ಯಜಮಾನನ ಕೆಲಸ.

ಮೊದಲು ಒಂದು ಭೇದ ತಿಳಿದುಕೊಳ್ಳಿ. "ಹೈಡ್ರಾಲಿಕ್ ವೀಕ್" ಅನ್ನೋದರಲ್ಲಿ ಎರಡು ಬೇರೆ ಬೇರೆ ಕಾಯಿಲೆಗಳಿವೆ. ಒಂದು, ಎತ್ತುವುದಕ್ಕೇ ಆಗದಿರುವುದು. ಇನ್ನೊಂದು, ಎತ್ತಿದ್ದು ನಿಲ್ಲದಿರುವುದು. ಕಲ್ಟಿವೇಟರ್ ಎತ್ತಿ ಎಂಜಿನ್ ಆಫ್ ಮಾಡಿ, ಗಡಿಯಾರ ನೋಡಿ. ಕೆಲವೇ ನಿಮಿಷದಲ್ಲಿ ಸರ್ರನೆ ನೆಲಕ್ಕೆ ಬಂತೇ? ಅಥವಾ ಎಂಜಿನ್ ಓಡುವಾಗ ಮೇಲೆ ನಿಂತದ್ದು ಸ್ವಲ್ಪ ಇಳಿದು, ಮತ್ತೆ ಏರಿ, ಬಿಕ್ಕಳಿಸುತ್ತಿದೆಯೇ? ಹಾಗಾದರೆ ಆಯಿಲ್ ಒಳಗೇ ಎಲ್ಲೋ ಜಾರುತ್ತಿದೆ: ಲಿಫ್ಟ್ ಸಿಲಿಂಡರಿನ ಪಿಸ್ಟನ್ ಸೀಲ್, ಓ ರಿಂಗ್, ಇಲ್ಲವೇ ವಾಲ್ವ್. ಎತ್ತಿದ್ದನ್ನು ಹಿಡಿದು ನಿಲ್ಲಿಸೋದು ಪಂಪಿನ ಕೆಲಸವಲ್ಲ ಸ್ವಾಮಿ. ಇಂಥ ಕಾಯಿಲೆಗೆ ಹೊಸ ಪಂಪ್ ಹಾಕಿಸಿದರೆ ದುಡ್ಡು ಹೋಗುತ್ತೆ, ಬಿಕ್ಕಳಿಕೆ ಮಾತ್ರ ಹಾಗೇ ಉಳಿಯುತ್ತೆ.

ಎತ್ತುವುದೇ ಕಷ್ಟ ಅಂದರೆ ಹೊಟ್ಟೆಯೊಳಗಿನ ರಚನೆ ಗೊತ್ತಿರಬೇಕು. 1946ರಲ್ಲಿ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ತಯಾರಾಗತೊಡಗಿದ ಫರ್ಗುಸನ್ ಟಿಇ20, ಆಮೇಲೆ ಬಂದ ಮ್ಯಾಸಿ ಫರ್ಗುಸನ್ 35, 135 ಇವುಗಳಲ್ಲೆಲ್ಲ ಹೈಡ್ರಾಲಿಕ್ ಪಂಪ್ ಇರುವುದು ನಡುವಿನ ಹೌಸಿಂಗ್ ಒಳಗೆ, ಆಯಿಲಿನಲ್ಲಿ ಮುಳುಗಿಕೊಂಡು. 1960ರಲ್ಲಿ ಮದ್ರಾಸಿನಲ್ಲಿ ಶುರುವಾದ ಟಾಫೆ ಮೂಲಕ ಈ ವಂಶದ ಟ್ರ್ಯಾಕ್ಟರುಗಳು ನಮ್ಮ ಹೊಲಗಳಿಗೂ ಬಂದವು. ಇವುಗಳ ಪಂಪನ್ನು ತಿರುಗಿಸುವುದು ಪಿಟಿಒ ಶಾಫ್ಟ್. ಟಿಇ20ಯಲ್ಲಿ ಪಿಟಿಒ ಲಿವರ್ ನ್ಯೂಟ್ರಲ್‌ನಲ್ಲಿದ್ದರೆ ಲಿಫ್ಟ್ ಅಲ್ಲಾಡುವುದಿಲ್ಲ! ಹಳೇ ಗಾಡಿಯನ್ನು ಹೊಸದಾಗಿ ಕೊಂಡವರು ಇದು ಗೊತ್ತಿಲ್ಲದೆ ಗಾಬರಿಯಾಗುವುದುಂಟು.

ಇನ್ನೊಂದು ಸಂಗತಿ. ಗೇರುಗಳಿಗೂ ಹಿಂದಿನ ಆಕ್ಸಲ್ಲಿಗೂ ಲಿಫ್ಟಿಗೂ ಒಂದೇ ಆಯಿಲ್. ಅಂದಮೇಲೆ ಗೇರು ಸವೆದ ಪುಡಿಯೆಲ್ಲ ಪಂಪಿನ ಜಾಲರಿಗೆ ಬಂದು ಕೂರುತ್ತೆ. ಹಾಗಾಗಿ ಮೊದಲು ಆಯಿಲ್ ಮಟ್ಟ ನೋಡಿ. ಹಾಲು ಬೆರೆಸಿದ ಹಾಗೆ ಬೆಳ್ಳಗಿದ್ದರೆ ನೀರು ಸೇರಿದೆ. ನೊರೆ ಬರುತ್ತಿದ್ದರೆ ಗಾಳಿ ಎಳೆಯುತ್ತಿದೆ, ಅಥವಾ ಮಟ್ಟ ಕಮ್ಮಿಯಿದೆ. ಆಯಿಲ್ ಬದಲಿಸಿ ಜಾಲರಿ ತೊಳೆಯೋದಕ್ಕೆ ಆಗುವ ಖರ್ಚು, ಪಂಪಿನ ಖರ್ಚಿನ ಮುಂದೆ ಏನೂ ಅಲ್ಲ.

ಬೆಳಗ್ಗೆ ತಣ್ಣಗಿದ್ದಾಗ ಹೇಗೆ, ಎರಡು ಗಂಟೆ ಉತ್ತ ಮೇಲೆ ಹೇಗೆ ಅನ್ನೋದನ್ನೂ ಗಮನಿಸಿ. ಬೆಳಗ್ಗೆ ಚೆನ್ನಾಗಿ ಎತ್ತಿ, ಬಿಸಿಯಾದ ಮೇಲೆ ಸೋತರೆ ಸವೆತದ ಅನುಮಾನ ಸರಿ. ಆಯಿಲ್ ತೆಳ್ಳಗಾಗಿ ಸವೆದ ಸಂದಿಗಳಲ್ಲಿ ನುಸುಳುತ್ತಿದೆ. ಬೆಳಗ್ಗೆ ಸೋತು, ಬಿಸಿಯಾದ ಮೇಲೆ ಸರಿಹೋದರೆ ಮೊದಲು ಜಾಲರಿ ನೋಡಿ, ಆಯಿಲ್ ದಪ್ಪದ್ದೇನೋ ನೋಡಿ.

ಇದೆಲ್ಲ ಸರಿ ಇದ್ದೂ ಎತ್ತದಿದ್ದರೆ? ಹಿಂದೆ ಏನು ಕಟ್ಟಿದ್ದೀರಿ ಅಂತ ಒಮ್ಮೆ ತಿರುಗಿ ನೋಡಿ. ಕಲ್ಟಿವೇಟರ್ ಎಳೆಯೋಕೆ ಅಂತ ಕೊಂಡ 35 ಎಚ್‌ಪಿ ಟ್ರ್ಯಾಕ್ಟರಿಗೆ ಈಗ ದೊಡ್ಡ ರೋಟವೇಟರ್ ಕಟ್ಟಿರುತ್ತೇವೆ. ಕಂಪನಿ ಹೇಳುವ ಎತ್ತುವ ತೂಕ ಕೆಳಗಿನ ಲಿಂಕುಗಳ ತುದಿಯಲ್ಲಿ ಅಳೆದದ್ದು. ಭಾರ ಅಲ್ಲಿಂದ ಹಿಂದಕ್ಕೆ ಹೋದಷ್ಟೂ ಎತ್ತುವ ಶಕ್ತಿ ಕಮ್ಮಿ. ಕೊಡ ನೀರನ್ನು ಸೊಂಟದ ಮೇಲೆ ಇಟ್ಟುಕೊಳ್ಳುವುದಕ್ಕೂ, ಕೈ ಚಾಚಿ ಹಿಡಿಯುವುದಕ್ಕೂ ಇರುವ ವ್ಯತ್ಯಾಸವೇ ಇದು. ಇಲ್ಲಿ ಲಿಫ್ಟ್ ಸೋತಿಲ್ಲ, ನಮ್ಮ ಆಸೆ ದೊಡ್ಡದಾಗಿದೆ ಅಷ್ಟೇ.

ಕೊನೆಗೆ ಉಳಿಯೋದು ಪ್ರೆಶರ್ ಗೇಜ್. ಪಂಪೋ ರಿಲೀಫ್ ವಾಲ್ವೋ ಅಂತ ಹೇಳುವ ಮೊದಲು ಗೇಜ್ ಕಟ್ಟಿ, ಮ್ಯಾನ್ಯುಯಲ್‌ನಲ್ಲಿ ಕೊಟ್ಟ ಒತ್ತಡ ಬರುತ್ತಾ ನೋಡಬೇಕು. ಗೇಜ್ ಇಲ್ಲದೆ "ಪಂಪ್ ಹೋಗಿದೆ" ಅನ್ನೋದು ಜ್ವರ ನೋಡದೆ ಇಂಜೆಕ್ಷನ್ ಚುಚ್ಚಿದ ಹಾಗೆ. ಕೆಲವರು ರಿಲೀಫ್ ವಾಲ್ವಿನ ಸ್ಪ್ರಿಂಗಿಗೆ ವಾಷರ್ ಹಾಕಿ ಬಿಗಿ ಮಾಡಿ "ಸರಿಹೋಯ್ತು" ಅಂತಾರೆ. ಇದಕ್ಕಂತೂ ಒಪ್ಪಲೇಬೇಡಿ. ಒತ್ತಡ ಮಿತಿ ಮೀರಿದಾಗ ಏನೂ ಒಡೆಯದಿರಲಿ ಅಂತಲೇ ಆ ವಾಲ್ವ್ ಇರುವುದು.

ಒಂದು ಮಾತು ಮಾತ್ರ ಮರೆಯಬೇಡಿ. ಏನೇ ಪರೀಕ್ಷೆ ಮಾಡಿ, ಎತ್ತಿದ ರೋಟವೇಟರ್ ಕೆಳಗೆ ಕೈಯಾಗಲಿ ಕಾಲಾಗಲಿ ಹಾಕಬೇಡಿ. ಗಟ್ಟಿ ಮರದ ದಿಮ್ಮಿ ಕೊಟ್ಟು ನಿಲ್ಲಿಸಿ. ಸೋತ ಲಿಫ್ಟ್ ಯಾವಾಗ ಕೈಬಿಡುತ್ತೆ ಅಂತ ಹೇಳೋಕಾಗಲ್ಲ.

ನಾನು ಮೆಕ್ಯಾನಿಕ್‌ಗಳನ್ನು ದೂರುತ್ತಿಲ್ಲ. "ಬೇಗ ಮಾಡ್ಕೊಡಪ್ಪಾ, ಹದ ಹೋಗುತ್ತೆ" ಅಂತ ತಲೆ ಮೇಲೆ ನಿಲ್ಲುವವರು ನಾವೇ ಅಲ್ಲವೇ? ಎಮ್ಮೆ ಮೇವು ಬಿಟ್ಟರೆ ಏನು ತಿಂದಿತ್ತು, ಸಗಣಿ ಹೇಗಿದೆ ಅಂತ ನೋಡಿ ಆಮೇಲೆ ಡಾಕ್ಟರನ್ನು ಕರೆಯುವ ನಾವು ಟ್ರ್ಯಾಕ್ಟರಿನ ವಿಷಯದಲ್ಲಿ ಮಾತ್ರ ಕಣ್ಣುಮುಚ್ಚಿಕೊಳ್ಳುತ್ತೇವೆ. ತಣ್ಣಗಿದ್ದಾಗ ಎತ್ತುತ್ತಾ, ಎತ್ತಿದ್ದು ಎಷ್ಟು ಹೊತ್ತು ನಿಲ್ಲುತ್ತೆ, ಆಯಿಲ್ ಯಾವ ಬಣ್ಣ... ಈ ಮೂರು ಉತ್ತರ ಇಟ್ಟುಕೊಂಡು ಶೆಡ್ಡಿಗೆ ಹೋಗಿ ನೋಡಿ. ಮಾತು ಪಂಪಿನಿಂದ ಶುರುವಾಗೋದಿಲ್ಲ.